ಹತ್ತು ಮೆಟ್ಟಿಲು ಹತ್ತಿದ ವೋಲ್ಟೇಜ್ ಎಲ್ಲಿ ಸೋರುತ್ತದೆ?

ಸೊಳ್ಳೆ ಬ್ಯಾಟಿನಲ್ಲಿರುವುದು ಪುಟ್ಟ ಬ್ಯಾಟರಿ. ಆದರೂ ಜಾಲರಿಗೆ ಸೊಳ್ಳೆ ತಾಗಿದರೆ ಚಟ್ ಅನ್ನುತ್ತದೆ. ಒಳಗಿನ ಚಿಕ್ಕ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಅರ್ಧ ದಾರಿ ಏರಿಸುತ್ತದೆ. ಮುಂದಿನ ಕೆಲಸ ಡಯೋಡು, ಕೆಪಾಸಿಟರುಗಳ ಸಾಲಿನದು. ಕೆಪಾಸಿಟರ್ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುತ್ತದೆ, ಡಯೋಡ್ ಅದನ್ನು ಒಂದೇ ದಿಕ್ಕಿಗೆ ಬಿಡುತ್ತದೆ.

ಎಸಿ ಒಂದು ಕಡೆ ತಿರುಗಿದಾಗ ಒಂದು ಕೆಪಾಸಿಟರ್ ತುಂಬುತ್ತದೆ. ದಿಕ್ಕು ಬದಲಾದಾಗ ಮೇಲಿನದಕ್ಕೆ ದಾಟಿಸುತ್ತದೆ. ವಾಪಸ್ ಬರದಂತೆ ಡಯೋಡ್ ತಡೆಯುತ್ತದೆ. ಮೆಟ್ಟಿಲ ಮೇಲೆ ಸಾಲಾಗಿ ನಿಂತವರು ಕೈಯಿಂದ ಕೈಗೆ ಕೊಡ ದಾಟಿಸಿದ ಹಾಗೆ. ಎರಡು ಕೆಪಾಸಿಟರ್, ಎರಡು ಡಯೋಡ್ ಸೇರಿದರೆ ಒಂದು ಹಂತ. ಎಸಿಯ ಶಿಖರ, ಅಂದರೆ ಅದು ಮುಟ್ಟುವ ಗರಿಷ್ಠ ವೋಲ್ಟೇಜ್, 1,000 ವೋಲ್ಟ್ ಇದ್ದರೆ ಪ್ರತಿ ಹಂತವೂ 2,000 ಕೂಡಿಸುತ್ತದೆ. 1932ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಭೌತವಿಜ್ಞಾನಿಗಳಾದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಇದೇ ಉಪಾಯದಿಂದ ಲಕ್ಷಗಟ್ಟಲೆ ವೋಲ್ಟ್ ಪಡೆದು ಲಿಥಿಯಂ ಪರಮಾಣುವನ್ನು ಒಡೆದರು. ಗಾಜಿನ ಕೊಳವೆಗಳ ಕೀಲುಗಳಲ್ಲಿ ಗಾಳಿ ನುಗ್ಗದಂತೆ ಅವರು ಮೆತ್ತಿದ್ದು ಮಕ್ಕಳಾಡುವ ಪ್ಲಾಸ್ಟಿಸಿನ್!

ಹಾಗಾದರೆ ಹಂತ ಕೂಡಿಸುತ್ತಾ ಹೋದರೆ ಆಯ್ತು, ಅಲ್ವಾ? ಇಲ್ಲ. ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಆ ಕುಸಿತ ಹೆಚ್ಚುಕಡಿಮೆ ಹಂತಗಳ ಸಂಖ್ಯೆಯ ಘನದಷ್ಟು ಬೆಳೆಯುತ್ತದೆ. ಎಸಿಯ ಫ್ರೀಕ್ವೆನ್ಸಿ 50 ಹರ್ಟ್ಜ್ (ಸೆಕೆಂಡಿಗೆ 50 ಆವರ್ತ), 0.1 ಮೈಕ್ರೋಫ್ಯಾರಡ್ ಕೆಪಾಸಿಟರು, 10 ಮೈಕ್ರೋಆಂಪಿಯರ್ ಕರೆಂಟ್ ಅಂತಿಟ್ಟುಕೊಳ್ಳಿ. 5 ಹಂತಕ್ಕೆ ಕುಸಿತ ಸುಮಾರು 190 ವೋಲ್ಟ್. 10 ಹಂತಕ್ಕೆ 1,430! ಹಂತ ಸೇರಿಸುವ ಬದಲು ಫ್ರೀಕ್ವೆನ್ಸಿ ಏರಿಸುವುದೇ ಜಾಣತನ. 25 ಕಿಲೋಹರ್ಟ್ಜ್‌ನಲ್ಲಿ ಅದೇ 1,430 ಬರೀ 3 ವೋಲ್ಟಿಗೆ ಇಳಿಯುತ್ತದೆ. ಆದರೆ ಆಗ ಮಾಮೂಲಿ 1ಎನ್4007 ಡಯೋಡ್ ಸಾಲದು, ವೇಗದ್ದೇ ಬೇಕು. ಪ್ರತಿ ಡಯೋಡೂ ಶಿಖರದ ಎರಡರಷ್ಟು ಉಲ್ಟಾ ವೋಲ್ಟೇಜ್ ತಡೆಯಬೇಕು.

ಇಂಥ ಸಾಲನ್ನು ನೀವೇ ಕಟ್ಟಿ ಅಳೆದಾಗ ವೋಲ್ಟೇಜ್ ಕಡಿಮೆ ತೋರಿಸಿದರೆ ಮೊದಲು ಮೀಟರನ್ನೇ ಅನುಮಾನಿಸಿ. ಮಾಮೂಲಿ ಮಲ್ಟಿಮೀಟರ್ 10 ಮೆಗಾಓಮ್‌ನದು. ಅಳೆಯಲು ಹೋಗಿ ತಾನೇ ಕರೆಂಟ್ ಎಳೆಯುತ್ತದೆ, ಸುಟ್ಟೂ ಹೋಗಬಹುದು. ಹೈ ವೋಲ್ಟೇಜ್ ಪ್ರೋಬ್ ಬೇಕೇ ಬೇಕು. ಇನ್ನೊಂದು ಮಾತು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳು ತುಂಬಿಯೇ ಇರುತ್ತವೆ, ಪ್ರಾಣಕ್ಕೇ ಕುತ್ತಾಗಬಹುದು. ಉದ್ದನೆಯ ಇನ್ಸುಲೇಟೆಡ್ ಕೋಲಿಗೆ ಸರಿಯಾದ ರೆಸಿಸ್ಟರ್ ಕಟ್ಟಿ ಒಂದೊಂದನ್ನೂ ಖಾಲಿ ಮಾಡಿಯೇ ಮುಟ್ಟಿ.

ಆಮೇಲೆ ಸೋರಿಕೆ ಹುಡುಕಲು ಕೋಣೆಯ ದೀಪ ಆರಿಸಿ, ದೂರ ನಿಂತು ಮತ್ತೆ ಆನ್ ಮಾಡಿ. ಕಣ್ಣು ಕತ್ತಲಿಗೆ ಒಗ್ಗಲಿ. ಕೆಲವೊಮ್ಮೆ ಸಣ್ಣಗೆ ಹಿಸ್ ಅನ್ನುವ ಸದ್ದು, ಓಝೋನಿನ ಘಾಟು. ಮೇಲಿನ ಹಂತದಲ್ಲಿ ಒಂದೇ ಒಂದು ನೇರಳೆ ಚುಕ್ಕಿ ಮಿನುಗುತ್ತಿರುತ್ತದೆ. ಬೆಸುಗೆ ಹಾಕುವಾಗ ಚೂಪಾಗಿ ಉಳಿದುಹೋದ ತುದಿ ಅದು. ಚೂಪು ಜಾಗದಲ್ಲಿ ವಿದ್ಯುತ್ ಕ್ಷೇತ್ರ ಒತ್ತೊತ್ತಾಗಿ, ಗಾಳಿಯೇ ಕರೆಂಟ್ ಹರಿಸತೊಡಗುತ್ತದೆ. ಖಾಲಿ ಮಾಡಿ, ಆ ತುದಿಯನ್ನು ಕರಗಿಸಿ ಸಾಸಿವೆ ಕಾಳಿನಷ್ಟು ದುಂಡಗೆ ಮಾಡಿ. ಚುಕ್ಕಿ ಆರುತ್ತದೆ, ಪ್ರೋಬಿನ ಮುಳ್ಳು ಮೇಲೇರುತ್ತದೆ.