ಎಂಡಿಎಂಎ: ನೀರು ಕುಡಿದರೆ ಸಾಕಾ?

ಔಷಧಶಾಸ್ತ್ರ ಓದುವಾಗ ನಾನು ಎಡವಿದ ಜಾಗ ಇದು. ಎಂಡಿಎಂಎ ಅಂದರೆ ಪಾರ್ಟಿಗಳಲ್ಲಿ ಎಕ್‌ಸ್ಟಸಿ, ಮೋಲಿ ಅಂತ ಕರೆಯುವ ಮಾಲು. 1912ರಲ್ಲಿ ಜರ್ಮನಿಯ ಮರ್ಕ್ ಕಂಪನಿಯಲ್ಲಿ ಮೊದಲು ತಯಾರಾಯಿತು. ಹಸಿವು ಕಡಿಮೆ ಮಾಡಲು ಹುಡುಕಿದ್ದು ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ನಂಬಬೇಡಿ. ರಕ್ತಸ್ರಾವ ನಿಲ್ಲಿಸುವ ಔಷಧಿ ಮಾಡಲು ಹೊರಟವರಿಗೆ ನಡುದಾರಿಯಲ್ಲಿ ಸಿಕ್ಕ ವಸ್ತು ಅದು.

ನರಕೋಶ ಹೊರಬಿಟ್ಟ ಸೆರೊಟೋನಿನ್ (ಮನಸ್ಥಿತಿಗೆ ಸಂಬಂಧಿಸಿದ ಮಿದುಳಿನ ರಾಸಾಯನಿಕ) ಅನ್ನು ವಾಪಸ್ ಒಳಗೆಳೆಯಲು ಒಂದು ಟ್ರಾನ್ಸ್‌ಪೋರ್ಟರ್ ಇರುತ್ತದೆ, ಅಲ್ವಾ? ಎಂಡಿಎಂಎ ಅದನ್ನೇ ಉಲ್ಟಾ ಓಡಿಸುತ್ತದೆ. ಒಳಗಿದ್ದದ್ದೆಲ್ಲ ಹೊರಗೆ ಸುರಿಯುತ್ತದೆ. ಅಪರಿಚಿತರ ಮೇಲೂ ಅಕ್ಕರೆ ಉಕ್ಕುವುದು ಅದಕ್ಕೇ. ಮೈಯನ್ನು ಹುರಿಗೊಳಿಸುವ ನಾರ್‌ಅಡ್ರಿನಲಿನ್ ಕೂಡ ಏರುವುದರಿಂದ ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ದವಡೆ ಬಿಗಿದು ಹಲ್ಲು ಕಡಿಯುತ್ತಾರೆ. ಮಜಾ ಮುಗಿದ ಮೇಲೆ ಕೆಲವು ದಿನ ಮನಸ್ಸು ಮಂಕು.

ಈಗ ಮುಖ್ಯ ವಿಷಯ. ಸೆಕೆಯ ಹಾಲ್‌ನಲ್ಲಿ ಗಂಟೆಗಟ್ಟಲೆ ಕುಣಿದಾಗ ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆಗ ಸ್ನಾಯು ಒಡೆಯುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಕಿಡ್ನಿ ಕೈಕೊಡುತ್ತದೆ. ಇಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಪ್ರಯೋಜನವಿಲ್ಲ. ಇದು ಸೋಂಕಿನ ಜ್ವರ ಅಲ್ಲ. ಹೊರಗಿನಿಂದಲೇ ಮೈ ತಣ್ಣಗೆ ಮಾಡಬೇಕು, ಅದೂ ಬೇಗ.

ಹಾಗಾದರೆ ನೀರು ಕುಡಿಯುತ್ತಾ ಇದ್ದರೆ ಆಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲ! ಇದೇ ಮಾತ್ರೆ ಎಡಿಎಚ್ ಅನ್ನುವ, ಮೂತ್ರ ತಗ್ಗಿಸುವ ಹಾರ್ಮೋನನ್ನೂ ಹೆಚ್ಚಿಸುತ್ತದೆ. ಮೂತ್ರ ಕಡಿಮೆಯಾಗಿ, ಕುಡಿದ ನೀರು ಒಳಗೇ ಉಳಿಯುತ್ತದೆ. ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ತುಂಬಾ ಕೆಳಗಿಳಿದರೆ ಮಿದುಳು ಊದಿಕೊಳ್ಳುತ್ತದೆ: ತಲೆನೋವು, ವಾಂತಿ, ಗೊಂದಲ, ಫಿಟ್ಸ್. ಹೆಂಗಸರಲ್ಲಿ ಈ ಅಪಾಯ ಜಾಸ್ತಿ. ಫಿಟ್ಸ್ ಬಂದವರನ್ನು ಕರೆತಂದಾಗ ಮೈ ಬಿಸಿಯನ್ನೂ ಸೋಡಿಯಂ ಅನ್ನೂ ಎರಡನ್ನೂ ನೋಡಿ ಅನ್ನುವುದು ಇದಕ್ಕೇ. ಬಿಸಿಲಲ್ಲಿ ಬಿದ್ದವರಿಗೆ ಕೊಟ್ಟಂತೆ ಸುಮ್ನೆ ನೀರು ಕುಡಿಸುತ್ತಾ ಹೋದರೆ ಕೆಡುತ್ತದೆ.

ಎರಡನೇ ಮಾತ್ರೆಯ ಲೆಕ್ಕವೂ ಮೋಸ. ಎಂಡಿಎಂಎ ಒಡೆಯಬೇಕಾದ ಯಕೃತ್ತಿನ ಕಿಣ್ವ ಸಿವೈಪಿ2ಡಿ6. ಮೊದಲ ಮಾತ್ರೆಯೇ ಅದನ್ನು ಕಟ್ಟಿಹಾಕಿರುತ್ತದೆ. ಹಾಗಾಗಿ ಎರಡನೆಯದು ಸೇರಿದಾಗ ರಕ್ತದಲ್ಲಿ ಎಂಡಿಎಂಎ ದುಪ್ಪಟ್ಟಿಗಿಂತ ಜಾಸ್ತಿ ಏರುತ್ತದೆ. ಖಿನ್ನತೆಗೆ ಕೊಡುವ, ಎಂಎಒ (ಸೆರೊಟೋನಿನ್ ಒಡೆಯುವ ಕಿಣ್ವ) ತಡೆಯುವ ಔಷಧಿ ಜೊತೆಗಿದ್ದರಂತೂ ಸೆರೊಟೋನಿನ್ ಸಿಂಡ್ರೋಮ್, ಅಂದರೆ ಸೆರೊಟೋನಿನ್ ಅತಿಯಾಗುವ ಸ್ಥಿತಿ, ಪ್ರಾಣಕ್ಕೇ ಕುತ್ತು.

ಇಷ್ಟೆಲ್ಲ ಆಗುವುದು ಮಾತ್ರೆಯೊಳಗೆ ಎಂಡಿಎಂಎಯೇ ಇದ್ದರೆ. ಪಿಎಂಎ ಅನ್ನುವ, ಅದರಂಥದ್ದೇ ಇನ್ನೊಂದು ಮಾದಕವಸ್ತು ಬೆರೆತಿದ್ದರೆ ಅಮಲು ನಿಧಾನ. ಏರಲೇ ಇಲ್ಲ ಅಂತ ಇನ್ನೊಂದು ನುಂಗುತ್ತಾರೆ. ಅಷ್ಟರಲ್ಲಿ ಮೊದಲನೆಯದು ಮೈ ಸುಡಲು ಶುರು ಮಾಡಿರುತ್ತದೆ.