ಕೈ ಹಿಡಿದರೆ ಹೆಬ್ಬೆರಳು ನೋಡಿ: ಆತ್ಮರಕ್ಷಣೆ ತರಗತಿಯ ಟಿಪ್ಪಣಿ

ನಾಲ್ಕು ಭಾನುವಾರ ತರಗತಿಗೆ ಹೋಗಿ ಬರೆದುಕೊಂಡದ್ದು ಇದು. ನನ್ನ ಹಾಗೇ ಹೊಸದಾಗಿ ಕಲಿಯುತ್ತಿರುವವರಿಗೆ, ಮಧ್ಯೆ ಒಂದೆರಡು ವಾರ ತಪ್ಪಿಸಿಕೊಂಡವರಿಗೆ.

ಮೊದಲ ದಿನ ಎಲ್ಲರಿಗೂ ಒಂದೇ ಆಸೆ, ಗುದ್ದುವುದನ್ನು ಕಲಿಯಬೇಕು. ಮೇಡಂ ಅರ್ಧ ಗಂಟೆ ಬರೀ ಕೂಗಿಸಿದರು. ನನಗೆ ನಗು ಬಂತು. ನನ್ನ ಸರದಿ ಬಂದಾಗ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. "ಹೆಣ್ಣುಮಕ್ಕಳು ಮೆಲ್ಲಗೆ ಮಾತಾಡಬೇಕು" ಅಂತ ಕೇಳಿಕೊಂಡೇ ಬೆಳೆದವಳಲ್ವಾ. ಗಾಬರಿಯಾದಾಗ ಮೊದಲು ಕಟ್ಟುವುದು ಉಸಿರು. ಹೊಟ್ಟೆಯಿಂದ ಕೂಗಿದರೆ ಉಸಿರು ಹೊರಗೆ ಬರುತ್ತದೆ, ಆಮೇಲೆ ಕಾಲು ಮಾತು ಕೇಳುತ್ತದೆ. ಮಾತು ಚಿಕ್ಕದಿರಲಿ: "ಏಯ್, ದೂರ ನಿಲ್ಲು!" ಎರಡು ಕೈಯನ್ನೂ ಎದೆಯ ಎತ್ತರಕ್ಕೆ ಎತ್ತಿ, ಅಂಗೈ ಎದುರಿನವನ ಕಡೆಗಿರಲಿ. ನೋಡುವವರಿಗೆ ಇದು "ಬೇಡ" ಅನ್ನುವ ಹಾಗೆ ಕಾಣುತ್ತದೆ, ನಿಮ್ಮ ಕೈ ಮಾತ್ರ ತಯಾರಾಗಿರುತ್ತದೆ.

ಸಹಾಯಕ್ಕೆ ಕರೆಯುವಾಗ "ಯಾರಾದ್ರೂ ಬನ್ನಿ" ಅಂದರೆ ಯಾರೂ ಬರುವುದಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಹೋಗುತ್ತಾರೆ ಅಂದುಕೊಳ್ಳುತ್ತಾರೆ. ಒಬ್ಬರನ್ನು ಗುರುತಿಸಿ ಕರೆಯಿರಿ: "ನೀಲಿ ಶರ್ಟ್ ಅಣ್ಣಾ, 112ಕ್ಕೆ ಫೋನ್ ಮಾಡಿ!"

ಇದೆಲ್ಲ ಅಪರಿಚಿತರ ವಿಷಯ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ವರದಿಗಳನ್ನು ನೋಡಿದರೆ ಅತ್ಯಾಚಾರ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಗೊತ್ತಿರುವವರೇ. ಪಕ್ಕದ ಮನೆಯವರು, ನೆಂಟರು, ಟ್ಯೂಷನ್ ಸರ್. ಅವರಿಗೆ "ಏಯ್" ಅನ್ನಲು ಬಾಯಿ ಬರುವುದಿಲ್ಲ. ಅದಕ್ಕೇ ಇನ್ನೊಂದು ಬಗೆಯ ಅಭ್ಯಾಸ ಮಾಡಿದೆವು. ಬಹುವಚನದಲ್ಲೇ ಹೇಳಿ, ಆದರೆ ನಗಬೇಡಿ: "ಅಂಕಲ್, ಕೈ ತೆಗೀರಿ." ಅಷ್ಟೇ. ಕಾರಣ ಕೊಡಬೇಡಿ, ಸಾರಿ ಅನ್ನಬೇಡಿ. ಕೇಳಲು ಸುಲಭ. ಮಾಡಿ ನೋಡಿ, ಮುಖದ ಮೇಲೆ ನಗು ತಾನಾಗೇ ಬಂದುಬಿಡುತ್ತದೆ. ನನಗೆ ಎಂಟು ಸಲ ಬೇಕಾಯಿತು. ನಾಲ್ಕು ವಾರದಲ್ಲಿ ನನಗೆ ಅತಿ ಕಷ್ಟವಾದ ಪಾಠ ಇದೇ.

ಈಗ ಕೈ ಬಿಡಿಸಿಕೊಳ್ಳುವುದು. ಯಾರಾದರೂ ಮಣಿಕಟ್ಟು ಹಿಡಿದರೆ ನಾವು ಸೀದಾ ಹಿಂದಕ್ಕೆ ಎಳೆಯುತ್ತೇವೆ. ಅದು ಹಗ್ಗಜಗ್ಗಾಟ, ಬಲ ಜಾಸ್ತಿ ಇದ್ದವರು ಗೆಲ್ಲುತ್ತಾರೆ. ಅವನ ಹಿಡಿತ ನೋಡಿ. ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಒಂಟಿ ಹೆಬ್ಬೆರಳು. ಬೆರಳ ತುದಿಗಳು ಹೆಬ್ಬೆರಳನ್ನು ಮುಟ್ಟುವ ಜಾಗವೇ ಬಾಗಿಲು. ಮಣಿಕಟ್ಟಿನ ಅಗಲದ ಭಾಗ ಅಲ್ಲಿ ತೂರುವುದಿಲ್ಲ. ಕೈ ತಿರುಗಿಸಿ ಸಪೂರ ಅಂಚನ್ನು ಆ ಸಂದಿಗೆ ತನ್ನಿ. ಆಮೇಲೆ ಒಂದು ಹೆಜ್ಜೆ ಮುಂದಕ್ಕೆ ಇಡಿ. ಹೌದು, ಮುಂದಕ್ಕೆ. ಮೊಣಕೈಯನ್ನು ಅವನ ಕಡೆಗೆ ತಳ್ಳುತ್ತಾ, ಕೈಯನ್ನು ನಿಮ್ಮ ಭುಜದ ಕಡೆಗೆ ಝಟ್ ಅಂತ ಎಳೆಯಿರಿ. ಅವನು ಎರಡೂ ಕೈಯಿಂದ ನಿಮ್ಮ ಒಂದೇ ಕೈ ಹಿಡಿದಿದ್ದರೆ, ನಿಮ್ಮ ಇನ್ನೊಂದು ಕೈಯಿಂದ ನಿಮ್ಮದೇ ಮುಷ್ಟಿ ಹಿಡಿದುಕೊಂಡು ಎರಡೂ ಹೆಬ್ಬೆರಳ ಕಡೆಗೆ ಎಳೆಯಬೇಕು.

ಮನೆಯಲ್ಲಿ ತಂಗಿಗೆ ಗಟ್ಟಿಯಾಗಿ ಹಿಡಿಯಲು ಹೇಳಿ ಮಾಡಿದೆ. ಅವಳ ಎರಡು ಗಾಜಿನ ಬಳೆ ಹೋದವು. ಬಳೆ, ವಾಚ್ ತೆಗೆದಿಟ್ಟು ಅಭ್ಯಾಸ ಮಾಡಿ.

ಹೊಡೆಯಲೇಬೇಕಾದರೆ ಮುಷ್ಟಿ ಬೇಡ. ಅಭ್ಯಾಸವಿಲ್ಲದವರು ಗುದ್ದಿದರೆ ಮುರಿಯುವುದು ತಮ್ಮದೇ ಬೆರಳ ಎಲುಬು. ಅಂಗೈಯ ಬುಡದಿಂದ ಮೂಗಿಗೋ ಗದ್ದಕ್ಕೋ, ಹಿಮ್ಮಡಿಯಿಂದ ಅವನ ಪಾದದ ಮೇಲೆ, ಮೊಣಕಾಲಿನಿಂದ ತೊಡೆಸಂದಿಗೆ. ಒಂದೋ ಎರಡೋ ಏಟು, ಓಟ. ಕೈಯ ಕೆಲಸ ಕಾಲಿಗೆ ದಾರಿ ಬಿಡಿಸುವುದು ಮಾತ್ರ.

ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿನವು. ಹಳೆಯ ಐಪಿಸಿಯಲ್ಲಿ (ಭಾರತೀಯ ದಂಡ ಸಂಹಿತೆ) ಇವೇ 96ರಿಂದ 106. ರಕ್ಷಣೆಗೆ ಬೇಕಾದಷ್ಟಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ ಅನ್ನುತ್ತದೆ 37ನೇ ಕಲಂ. ಬಿದ್ದವನನ್ನು, ಓಡುತ್ತಿರುವವನನ್ನು ಅಟ್ಟಿಸಿಕೊಂಡು ಹೋಗಿ ಬಾರಿಸಿದರೆ ಅದು ರಕ್ಷಣೆ ಅಲ್ಲ. ಪ್ರಾಣಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಸಂದರ್ಭದಲ್ಲಿ ಮಾತ್ರ ಹಕ್ಕು ಎದುರಿನವನ ಪ್ರಾಣ ತೆಗೆಯುವವರೆಗೂ ಹೋಗುತ್ತದೆ, ಅದು 38ನೇ ಕಲಂ. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳುವವರೂ ಇದನ್ನು ನೆನಪಿಡಿ. ಜಗಳವೊಂದರಲ್ಲಿ ಅದನ್ನು ಬಳಸಿದ ಪ್ರಕರಣವನ್ನು ರದ್ದು ಮಾಡಲು ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಪ್ಪಲಿಲ್ಲ.

ಸರಗಳ್ಳತನದ ಬಗ್ಗೆ ಎರಡೇ ಮಾತು. ರಸ್ತೆಯ ಬಲಬದಿಯಲ್ಲಿ ನಡೆಯಿರಿ, ಹತ್ತಿರದಲ್ಲಿ ಬರುವ ಗಾಡಿ ಎದುರಿನಿಂದ ಬರುತ್ತದೆ, ಕಣ್ಣಿಗೆ ಬೀಳುತ್ತದೆ. ಬ್ಯಾಗ್ ಕಿತ್ತುಕೊಂಡರೆ ಬಿಟ್ಟುಬಿಡಿ, ಬೈಕಿನ ಹಿಂದೆ ಎಳೆಸಿಕೊಂಡು ಹೋಗುವಷ್ಟು ಬೆಲೆಯದ್ದು ಅದರಲ್ಲಿ ಏನೂ ಇರುವುದಿಲ್ಲ.

ಫೋನ್ ಈಗಲೇ ಕೈಗೆ ತಗೊಳ್ಳಿ. ನಮ್ಮ ದೇಶದ ನಿಯಮದ ಪ್ರಕಾರ ಸ್ಮಾರ್ಟ್‌ಫೋನಿನ ಪವರ್ ಬಟನ್ ಬೇಗಬೇಗ ಮೂರು ಸಲ ಒತ್ತಿದರೆ, ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು. ಕೆಲವು ಫೋನ್‌ಗಳಲ್ಲಿ ಐದು ಸಲ ಒತ್ತಬೇಕು. ನಿಮ್ಮದು ಯಾವ ಥರ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಸುಮ್ನೆ ಒತ್ತಿ ಪರೀಕ್ಷೆ ಮಾಡಬೇಡಿ. ವಾಟ್ಸಾಪ್ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಸಿಗುತ್ತದೆ. ರಾತ್ರಿ ಆಟೋಗೆ ಒಂದು ಗಂಟೆಯದ್ದು ಹಾಕಿ, ಕಳಿಸಿದ್ದೀನಿ ಅಂತ ಮನೆಗೆ ಫೋನ್ ಮಾಡಿ ಡ್ರೈವರ್‌ಗೆ ಕೇಳುವ ಹಾಗೇ ಹೇಳಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಆನ್‌ಲೈನ್ ಹಣದ ಮೋಸಕ್ಕೆ 1930. ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. "ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರೆ ಝೀರೋ ಎಫ್‌ಐಆರ್ (ವ್ಯಾಪ್ತಿ ನೋಡದೆ ಬರೆದುಕೊಳ್ಳುವ ದೂರು) ಮಾಡಿಕೊಳ್ಳಿ ಅನ್ನಿ.

ಮುಂದಿನ ಭಾನುವಾರ ಹಿಂದಿನಿಂದ ಜಡೆ ಹಿಡಿದರೆ ಏನು ಮಾಡಬೇಕು ಅನ್ನುವ ಪಾಠ. ಚೂಪು ಕ್ಲಿಪ್ ಹಾಕಿಕೊಂಡು ಬರಬೇಡಿ, ನಿಮ್ಮ ಜೋಡಿ ನಾನೇ ಆಗಿರಬಹುದು.