ಮನೆಯೊಳಗೆ ಕಪ್ಪು ಕನ್ನಡಕ ಬೇಡ

ಅರೆತಲೆನೋವು, ಅಂದರೆ ಮೈಗ್ರೇನ್ ಇರುವವರಲ್ಲಿ ಅನೇಕರು ಬೆಳಕಿಗೆ ಹೆದರಿ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಾರೆ. ಬಿಸಿಲಿಗೆ ಅದು ಸರಿಯೇ. ಅದನ್ನೇ ಅಡುಗೆಮನೆಯಲ್ಲೂ ಆಫೀಸಿನಲ್ಲೂ ಹಾಕಿಕೊಂಡು, ಕಿಟಕಿಗೆ ಪರದೆ ಎಳೆದು ವಾರಗಟ್ಟಲೆ ಕಳೆದರೆ ಕಣ್ಣು ಕತ್ತಲಿಗೆ ಒಗ್ಗುತ್ತದೆ. ಆಮೇಲೆ ಬಿಸಿಲಷ್ಟೇ ಅಲ್ಲ, ಟ್ಯೂಬ್‌ಲೈಟೂ ಚುಚ್ಚತೊಡಗುತ್ತದೆ.

ಕನ್ನಡಕದ ಪವರ್ ಬದಲಿಸಿದರೆ ಹೋಗುವ ತೊಂದರೆ ಇದಲ್ಲ. ಕಣ್ಣಿನ ಹಿಂಭಾಗದ ಪದರವಾದ ರೆಟಿನಾದಲ್ಲಿ ಮೆಲನಾಪ್ಸಿನ್ ಎಂಬ ಬೆಳಕು ಗ್ರಹಿಸುವ ವಸ್ತು ಇರುವ ಕೆಲವು ನರಕೋಶಗಳಿವೆ. ಹಗಲು ರಾತ್ರಿಯ ಸುಳಿವನ್ನು ಮಿದುಳಿಗೆ ಮುಟ್ಟಿಸುವುದು ಅವುಗಳ ಮುಖ್ಯ ಕೆಲಸ. 480 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ನೀಲಿ ಬೆಳಕಿಗೆ ಅವು ಹೆಚ್ಚು ಕೆರಳುತ್ತವೆ. ಮಿದುಳಿನ ಪೊರೆಯಿಂದ ಹೊರಟ ನೋವಿನ ಸಂಕೇತವೂ ಈ ಕೋಶಗಳ ಬೆಳಕಿನ ಸಂಕೇತವೂ ಮಿದುಳಿನ ನಡುವಿನ ಥಾಲಮಸ್ ಎಂಬ ಭಾಗದಲ್ಲಿ ಒಂದೇ ನರಕೋಶಕ್ಕೆ ಬಂದು ಸೇರುತ್ತವೆ. ಹಾರ್ವರ್ಡ್‌ನ ರಾಮಿ ಬರ್ಸ್ಟೈನ್ ತಂಡ 2010ರಲ್ಲಿ ತೋರಿಸಿದ್ದು ಇದನ್ನೇ: ನೋಟ ಹೋಗಿದ್ದರೂ ಬೆಳಕು ಗೊತ್ತಾಗುವ ರೋಗಿಗಳಿಗೆ ಬೆಳಕಿನಲ್ಲಿ ತಲೆನೋವು ಏರುತ್ತಿತ್ತು, ಬೆಳಕೇ ಗೊತ್ತಾಗದವರಿಗೆ ಏರುತ್ತಿರಲಿಲ್ಲ.

ಹಾಗಾಗಿ ಕಣ್ಣು ಮುಚ್ಚುವ ಮೊದಲು ದೀಪ ಸರಿಪಡಿಸಿ. ನಮ್ಮ ಕರೆಂಟು 50 ಹರ್ಟ್ಸ್‌ನದು. ಹಳೇ ಚೋಕ್‌ನ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ ಮಿದುಳಿಗೆ ಕಿರಿಕಿರಿಯಾಗಬಹುದು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಬಲ್ಬನ್ನು ಚಿತ್ರಿಸಿ ನೋಡಿ: ಬೆಳಕು ಮಿಟುಕಿದರೆ ಬಲ್ಬ್ ಬದಲಿಸಿ. 2700–3000 ಕೆಲ್ವಿನ್‌ನ ವಾರ್ಮ್ ಬಲ್ಬ್‌ನಲ್ಲಿ ನೀಲಿ ಕಡಿಮೆ, ಆದರೆ ಮಿನುಗುವಿಕೆ ಬೇರೆಯೇ ವಿಷಯ, ಎರಡನ್ನೂ ನೋಡಿಕೊಳ್ಳಬೇಕು. ಯಾರೂ ಗಮನಿಸದ ಇನ್ನೊಂದು ಮೂಲ ಸೀಲಿಂಗ್ ಫ್ಯಾನು. ದೀಪ ಫ್ಯಾನಿಗಿಂತ ಮೇಲಿದ್ದರೆ ಮೂರು ರೆಕ್ಕೆ ಬೆಳಕನ್ನು ಸೆಕೆಂಡಿಗೆ 15–20 ಬಾರಿ ಕತ್ತರಿಸುತ್ತವೆ. ಮಿನುಗಲ್ಲಿ ಮಿದುಳಿಗೆ ಅತಿ ಹೆಚ್ಚು ಹಿಂಸೆಯಾಗುವುದು ಈ ವೇಗದಲ್ಲೇ. ದೀಪವನ್ನು ಗೋಡೆಗೆ ಸರಿಸಿದರೆ ಸಾಕು. ಸಾಲುಮರದ ರಸ್ತೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತಾಗಲೂ ಆಗುವುದು ಇದೇ.

ಕನ್ನಡಕ ಬೇಕೇಬೇಕು ಅನ್ನುವವರಿಗೆ ಎಫ್‌ಎಲ್-41 ಎಂಬ ತಿಳಿಗುಲಾಬಿ ಬಣ್ಣದ ಗಾಜಿದೆ. ನೀಲಿ-ಹಸಿರು ಭಾಗವನ್ನು ತಡೆದು ಉಳಿದದ್ದನ್ನು ಬಿಡುತ್ತದೆ. ಇದರ ಅಧ್ಯಯನಗಳು ಸಣ್ಣವು, ಆದರೂ ಕಪ್ಪು ಗಾಜಿಗಿಂತ ಇದು ಮೇಲು. ಅಂಗಡಿಯವರು ಎಲ್ಲರಿಗೂ ಹೇಳುವ ಬಣ್ಣವಿಲ್ಲದ ಬ್ಲೂ-ಕಟ್ (ನೀಲಿ ತಡೆಯುತ್ತದೆ ಎನ್ನುವ) ಗಾಜು ಮಾತ್ರ 480 ನ್ಯಾನೋಮೀಟರ್ ಸುತ್ತಲಿನ ಬೆಳಕನ್ನು ಬಹುಪಾಲು ದಾಟಿಸಿಯೇ ಬಿಡುತ್ತದೆ. ಆ ದುಡ್ಡು ಉಳಿಸಿಕೊಳ್ಳಿ. ಕಪ್ಪು ಕನ್ನಡಕದ ಅಭ್ಯಾಸ ಆಗಿಹೋಗಿದ್ದರೆ ಒಮ್ಮೆಗೇ ತೆಗೆಯಬೇಡಿ. ನೋವಿಲ್ಲದ ದಿನ, ಮೆಲು ದೀಪದ ಕೋಣೆಯಲ್ಲಿ ಅರ್ಧ ಗಂಟೆಯಿಂದ ಶುರುಮಾಡಿ, ಕೆಲವು ವಾರಗಳಲ್ಲಿ ಹೆಚ್ಚಿಸುತ್ತಾ ಹೋಗಿ.

ನೋವು ಬಂದಾಗ ಕತ್ತಲ ಕೋಣೆ ಸರಿಯೇ. ಇಳಿದ ಮೇಲೆ ಹೊರಗೆ ಬನ್ನಿ. ವೈದ್ಯರು ಬರೆದ ಮಾತ್ರೆಯನ್ನು ನೋವು ಏರುವ ಮೊದಲೇ ನುಂಗಬೇಕು, ತಡವಾದಷ್ಟೂ ಕೆಲಸ ಕಡಿಮೆ. ಹೃದಯದ ತೊಂದರೆ, ಪಾರ್ಶ್ವವಾಯುವಿನ ಇತಿಹಾಸ ಅಥವಾ ಹತೋಟಿಗೆ ಬಾರದ ಬಿಪಿ ಇರುವವರಿಗೆ ಮೈಗ್ರೇನಿಗೆ ಕೊಡುವ ಸುಮಾಟ್ರಿಪ್ಟಾನ್ ಗುಂಪಿನ ಮಾತ್ರೆ ಸಲ್ಲದು. ಕ್ಯಾಲೆಂಡರಿನಲ್ಲಿ ಮಾತ್ರೆಯ ದಿನಗಳಿಗೆ ಗುರುತು ಹಾಕಿ. ಈ ಗುಂಪಿನ ಮಾತ್ರೆ ತಿಂಗಳಿಗೆ 10 ದಿನ, ಪ್ಯಾರಾಸಿಟಮಾಲ್‌ನಂಥದ್ದು 15 ದಿನ ಮುಟ್ಟಿ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಹುದು. ಬೆಳಕು ಚುಚ್ಚುವುದು ಕೆಲವರಿಗೆ ನೋವಿನ ಕಾರಣವಲ್ಲ, ಆಗಲೇ ಶುರುವಾದ ನೋವಿನ ಮೊದಲ ಲಕ್ಷಣ. ಗುರುತಿನಲ್ಲಿ ಗಂಟೆಯನ್ನೂ ಬರೆದಿಟ್ಟರೆ ಇದು ತಿಳಿಯುತ್ತದೆ.

ಬೆಳಕಿಗೆ ಚುಚ್ಚುವುದೆಲ್ಲ ಮೈಗ್ರೇನ್ ಅಲ್ಲ. ಜ್ವರದ ಜೊತೆ ಕತ್ತು ಸೆಟೆದರೆ, ಸಿಡಿಲಿನಂತೆ ಒಮ್ಮೆಗೇ ತಲೆನೋವು ಬಂದರೆ, ಮಾತು ತೊದಲಿದರೆ ತಕ್ಷಣ ತುರ್ತು ವಿಭಾಗಕ್ಕೆ ಹೋಗಿ. ಒಂದು ಕಣ್ಣು ಕೆಂಪಾಗಿ, ನೋಯುತ್ತಾ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಗ್ಲಾಕೋಮಾದ (ಕಣ್ಣಿನೊಳಗೆ ಒತ್ತಡ ಏರುವ ರೋಗದ) ಹಠಾತ್ ದಾಳಿ ಇರಬಹುದು; ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.